ಒಂದನೆಯದಾ, ಎರಡನೆಯದಾ?

ಕನ್ನಡಕದ ಅಂಗಡಿಯವನಿಗೆ ಊರಿನ ಅರ್ಧ ಜನರ ಕಣ್ಣಿನ ಪವರ್ ಬಾಯಿಪಾಠ. ಅವನ ಹೆಂಡತಿ ಹಜಾರದ ಗೋಡೆಯುದ್ದಕ್ಕೂ ಮೀನಿನ ತೊಟ್ಟಿ ಬೇಕೆಂದು ಹಟ ಹಿಡಿದಿದ್ದಳು. ಮೂಲೆಯಲ್ಲಿ ಪುಟ್ಟದೊಂದು ತೊಟ್ಟಿ ಇದ್ದೇ ಇತ್ತು. ಇದೆಲ್ಲ ಅಕ್ಕಪಕ್ಕದವರ ಕಣ್ಣು ಕುಕ್ಕುವುದಕ್ಕೆ ಎಂದು ಅವನು ಮನಸ್ಸಿನಲ್ಲೇ ತೀರ್ಪು ಕೊಟ್ಟು, ಗೊಣಗುತ್ತ ಒಪ್ಪಿಕೊಂಡ.

ಜಗಳ ಶುರುವಾದದ್ದು ಆಮೇಲೆ. ಗಾಜೋ, ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕು ಅಕ್ರಿಲಿಕ್ಕೋ?

"ಅಕ್ರಿಲಿಕ್ಕೇ ಇರಲಿ ಕಣ್ರೀ. ಹಗುರ. ಏನಾದ್ರೂ ತಾಗಿದ್ರೆ ಒಡೆಯಲ್ಲ" ಎಂದಳು. ಈಚೆಗೆ ಅವಳ ಕೈಯಲ್ಲಿ ಗಾಜಿನ ಲೋಟ, ಬಟ್ಟಲು ಒಂದೂ ಒಡೆಯದೆ ಉಳಿಯುತ್ತಿರಲಿಲ್ಲ.

"ಗೀರು ಬೀಳುತ್ತೆ ಕಣೇ! ಒರಟು ಬಟ್ಟೆ ತಾಗಿದ್ರೂ ಸಾಕು, ಮೀನೆಲ್ಲ ಮಂಜಲ್ಲಿ ಈಜಿದ ಹಾಗೆ ಕಾಣ್ತವೆ."

ಅಂಗಡಿಯಲ್ಲಿ ಹಗಲೆಲ್ಲ ಪ್ಲಾಸ್ಟಿಕ್ ಲೆನ್ಸನ್ನು ಹಾಡಿ ಹೊಗಳಿ ಮಾರುವವನು ಮನೆಗೆ ಬಂದರೆ ಗಾಜಿನ ವಕೀಲ. ಇವಳನ್ನು ಸುಮ್ಮನಾಗಿಸಲೇಬೇಕೆಂದು ಅವನು ಗಾಜಿನದೊಂದು, ಅಕ್ರಿಲಿಕ್ಕಿನದೊಂದು ತುಂಡು ತಂದ. ಅಕ್ರಿಲಿಕ್ ತುಂಡನ್ನು ಅಡುಗೆಮನೆಯಲ್ಲಿ ಕದ್ದುಮುಚ್ಚಿ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಚೆನ್ನಾಗಿ ಉಜ್ಜಿದ. ಅದು ಹಾಲಿನಂತೆ ಬೆಳ್ಳಗಾಯಿತು. ಆಮೇಲೆ ಹೆಂಡತಿಯನ್ನು ಪುಟ್ಟ ತೊಟ್ಟಿಯೆದುರು ಕೂರಿಸಿ, ಎರಡೂ ತುಂಡನ್ನು ಒಂದಾದ ಮೇಲೊಂದು ಅವಳ ಕಣ್ಣೆದುರು ಹಿಡಿದು, ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ರಾಗದಲ್ಲೇ ಕೇಳಿದ.

"ಮೀನು ಯಾವುದರಲ್ಲಿ ಚೆನ್ನಾಗಿ ಕಾಣುತ್ತೆ? ಒಂದನೆಯದಾ, ಎರಡನೆಯದಾ?"

"ಎರಡೂ ಒಂದೇ ಥರ."

ಮೊಂಡುತನಕ್ಕೂ ಒಂದು ಮಿತಿ ಬೇಡವೇ? ಅವನಿಗೆ ಮೈ ಉರಿಯಿತು. ಗೆಳೆಯನಿಗೆ ಕನ್ನಡಕ ಬಂತೆಂದು ತನಗೂ ಬೇಕೆನ್ನುವ ಮಕ್ಕಳನ್ನು ಹಿಡಿಯಲು ಅವನ ಬಳಿ ಒಂದು ಉಪಾಯವಿತ್ತು: ಪವರ್ ಇಲ್ಲದ ಬರೀ ಗಾಜು ಹಾಕಿ 'ಈಗ ಹೇಗಿದೆ?' ಎನ್ನುವುದು. ಅದೇ ಉಪಾಯ ಹೂಡಿದ. ತುಂಡುಗಳನ್ನು ಕೆಳಗಿಟ್ಟು, ಏನನ್ನೋ ಹಿಡಿದವನಂತೆ ಬರಿಗೈಯನ್ನು ಅವಳ ಮುಖದ ಮುಂದೆ ಎತ್ತಿದ.

"ಇದು ಮೂರನೆಯದು. ಹೇಗಿದೆ?"

"ಇದೂ ಹಾಗೇ ಇದೆ."

"ಸಿಕ್ಕಿಬಿದ್ದೆ! ಕೈಯಲ್ಲಿ ಏನೂ ಇಲ್ಲ ಕಣೇ!"

ಅವನು ಹೊಟ್ಟೆ ಹಿಡಿದು ನಕ್ಕ. ಅವಳು ನಗಲಿಲ್ಲ. ಅವನ ಮುಖವನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದಳು.

"ಈ ಸಣ್ಣ ತೊಟ್ಟೀಲಿ ಮೀನು ಎಲ್ಲಿದೆ ಅಂತಾನೇ ಗೊತ್ತಾಗಲ್ಲ ನಂಗೆ. ದೊಡ್ಡ ತೊಟ್ಟಿ, ದೊಡ್ಡ ಮೀನು ಆದ್ರೆ ಒಂದಿಷ್ಟು ಕಾಣಬಹುದು ಅಂದ್ಕೊಂಡೆ."

ಅವನ ನಗು ಅಲ್ಲೇ ನಿಂತಿತು. ಒಡೆದ ಲೋಟಗಳಿಗೆಲ್ಲ ಅವಳನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು.

"ಯಾವಾಗಿಂದ? ಒಂದು ಮಾತು ಹೇಳಬಾರದಿತ್ತಾ?"

"ಊರೋರನ್ನೆಲ್ಲ ಕಾಣುತ್ತಾ ಅಂತ ನೀವೇ ಕೇಳ್ತೀರಲ್ಲ, ನನ್ನನ್ನೂ ಕೇಳ್ತೀರಿ ಅಂದ್ಕೊಂಡಿದ್ದೆ. ಇವತ್ತು ಕೇಳಿದ್ರಿ."

ಮರುದಿನ ಅಂಗಡಿ ತೆರೆಯಲಿಲ್ಲ. ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕ ಕುಳಿತಿದ್ದಾಗ ತೊಟ್ಟಿ ಮಾಡುವವನ ಫೋನು ಬಂತು.

"ಏನು ಸಾರ್, ಗಾಜೋ ಅಕ್ರಿಲಿಕ್ಕೋ? ತೀರ್ಮಾನ ಆಯ್ತಾ?"

"ಸ್ವಲ್ಪ ತಡೀಪ್ಪಾ" ಎಂದ. "ಆರಿಸೋರು ಇನ್ನೂ ನೋಡಿಲ್ಲ."