ಅರ್ಧ ಅಕ್ಕಿಕಾಳಿನ ಪ್ರಯಾಣಿಕರು

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರಿಗೆ ಬರವಿರಲಿಲ್ಲ. ಆದರೆ ನೂರ್ಜಹಾನಳಷ್ಟು ಸಣ್ಣ ಕೆಲಸ ಮಾಡುವವರು ಇನ್ನೊಬ್ಬರಿಲ್ಲ ಅನ್ನುವುದು ಬೀದಿಗೇ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಒಂದು ಬೆಂಕಿಪೊಟ್ಟಣದೊಳಗೆ ಮೂವತ್ತೆರಡು ಕಾಯಿಯ ಚದುರಂಗವನ್ನು ಹಿಡಿಸಿದ್ದಳು. ರಾಮನಗರ ಹೊಸ ಜಿಲ್ಲೆಯಾದ ವರ್ಷ ಅದಕ್ಕೇ ಅವಳನ್ನು ಕರೆದು ಶಾಲು ಹೊದಿಸಿದ್ದರು. ಗಂಡ ಪೀರ್ ಸಾಬ್ ಬುಗುರಿ, ಗಿಲಕಿ, ಬೊಂಬೆ ಕಡೆಯುತ್ತಿದ್ದ. ಅಂಗಡಿಗೆ ಬಂದವರು ಕೊಂಡು ಹೋಗುತ್ತಿದ್ದುದು ಅವನ ಸಾಮಾನು. ಬಗ್ಗಿ, ಉಸಿರು ಬಿಗಿಹಿಡಿದು ನೋಡುತ್ತಿದ್ದುದು ಅವಳದು. ಆ ನೋಟಕ್ಕಾಗಿಯೇ ಅವಳು ಇಪ್ಪತ್ತು ವರ್ಷ ಕಣ್ಣು ಸವೆಸಿದ್ದಳು.

ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ ಪಕ್ಕದ ಮನೆಯ ಮಹಡಿಗೆ ಜಯಕುಮಾರ್ ಎಂಬವನು ಬಾಡಿಗೆಗೆ ಬಂದ. ವಿರೂಪಾಕ್ಷಿಪುರದ ಕಡೆಯವನು, ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮೂವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಕಾರ್ಖಾನೆಗೆ ಕೆಲಸ ಕಲಿಸಲು ಬಂದಿದ್ದ ಜಪಾನಿನ ಮೇಲಧಿಕಾರಿಯೊಬ್ಬರು ಊರಿಗೆ ಮರಳುವಾಗ ಅವನ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟು ಹೋಗಿದ್ದರು. ಅದರಲ್ಲಿದ್ದದ್ದು ಒಂದು ರೈಲು. ಒಂದೊಂದು ಬೋಗಿ ಕಿರುಬೆರಳಿಗಿಂತ ಚಿಕ್ಕದು, ಎರಡು ಹಳಿಗಳ ನಡುವೆ ಮೂರೇ ಮಿಲಿಮೀಟರ್. ಹಳಿಗೆ ಬ್ಯಾಟರಿಯ ಕರೆಂಟು ಕೊಟ್ಟರೆ ಸಾಕು, ಸದ್ದೇ ಇಲ್ಲದೆ ಓಡುತ್ತಿತ್ತು.

ಅವನು ಹಳೇ ಸೂಟ್‌ಕೇಸೊಂದರಲ್ಲಿ ಆ ಹಳಿಗಳನ್ನು ಕೂರಿಸಿ, ಸುತ್ತ ರಾಮನಗರದ ಬಂಡೆಗುಡ್ಡ, ರೇಷ್ಮೆ ತೋಟ, ಚನ್ನಪಟ್ಟಣದ ಸ್ಟೇಷನ್ನು ಎಲ್ಲ ಎಬ್ಬಿಸತೊಡಗಿದ. ಗುಡ್ಡಕ್ಕೆ ಬೇಕಾದ ಮರದ ಹೊಟ್ಟನ್ನು ಕೇಳಿಕೊಂಡೇ ಅವನು ಮೊದಲು ಅಂಗಡಿಗೆ ಬಂದದ್ದು. ಬಂದವನು ಬೆಂಕಿಪೊಟ್ಟಣದ ಚದುರಂಗ ನೋಡಿ ನಿಂತುಬಿಟ್ಟ. ಸ್ಟೇಷನ್ನಿಗೆ ಜನ ಬೇಕಲ್ಲ, ಮಾಡಿಕೊಡುತ್ತೀರಾ ಎಂದು ಕೇಳಿದ. ಎಷ್ಟು ಎತ್ತರ ಅಂದರೆ, ಅಕ್ಕಿಕಾಳಿನಲ್ಲಿ ಅರ್ಧ.

ನೂರ್ಜಹಾನ್ ಒಪ್ಪಿಕೊಂಡಳು. ಅಂಥ ಸವಾಲು ಅವಳಿಗೆ ಯಾರೂ ಹಾಕಿರಲಿಲ್ಲ. ಉಳಿ ತಾಗಿದರೆ ಮುರಿಯುತ್ತಿತ್ತು, ಉಸಿರು ತಾಗಿದರೆ ಹಾರಿಹೋಗುತ್ತಿತ್ತು. ಸೂಜಿಯನ್ನೇ ಮಸೆದು ಉಳಿ ಮಾಡಿಕೊಂಡಳು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಅದರಲ್ಲಿ ಬಣ್ಣ ಕಲಸಿ, ಸೂಜಿಯ ಮೊನೆಯಿಂದ ಹಚ್ಚಿದಳು. ಎರಡು ತಿಂಗಳಲ್ಲಿ ನಲವತ್ತು ಜನ ಸಿದ್ಧರಾದರು. ಹೂವಿನ ಬುಟ್ಟಿಯವಳು, ಬುರ್ಖಾದವಳು, ಟವೆಲ್ ಸುತ್ತಿದ ಗೌಡ, ಮಗು ಎತ್ತಿಕೊಂಡ ತಾಯಿ.

ಅಲ್ಲಿಂದಲೇ ಸಂಕಟ ಶುರುವಾದದ್ದು. ಸಂಜೆಯಾದರೆ ಬೀದಿಯವರೆಲ್ಲ ಜಯಕುಮಾರನ ಮಹಡಿ ಹತ್ತುತ್ತಿದ್ದರು. ರೈಲು ಗುಡ್ಡದ ಸುರಂಗದಿಂದ ಹೊರಬಂದರೆ ಎಲ್ಲರ ಮುಖವೂ ಅದರ ಜೊತೆಗೇ ತಿರುಗುತ್ತಿತ್ತು. ಸ್ಟೇಷನ್ನಿನಲ್ಲಿ ನಿಂತ ನಲವತ್ತು ಜನರ ಮೇಲೆ ಒಬ್ಬರ ಕಣ್ಣೂ ಬೀಳುತ್ತಿರಲಿಲ್ಲ. ಪಿಯುಸಿ ಓದುತ್ತಿದ್ದ ಮಗಳು ಅಸ್ರಾ ಕೂಡ ಊಟಕ್ಕೆ ಕೂತರೆ ರೈಲಿನ ಮಾತೇ. ಪೀರ್ ಸಾಬನಂತೂ, ನೀನು ಇಷ್ಟು ವರ್ಷ ಸಣ್ಣದು ಸಣ್ಣದು ಅಂದೆಯಲ್ಲ, ಸಣ್ಣದು ಅಂದರೆ ಅದು ನೋಡು, ಎಂದು ನಕ್ಕುಬಿಟ್ಟ. ಅವನಿಗೆ ಅದು ತಮಾಷೆ. ಅವಳು ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ರೈಲು ಅವನು ಮಾಡಿದ್ದಲ್ಲ, ಯಾವುದೋ ಯಂತ್ರ ಮಾಡಿದ್ದು. ಇಷ್ಟನ್ನು ಯಾರಾದರೂ ಹೇಳಲಿ ಎಂದು ಅವಳು ಕಾದಳು. ಯಾರೂ ಹೇಳಲಿಲ್ಲ. ಆದರೆ ಅದನ್ನು ಓಡಿಸುವುದೇ ಒಂದು ತಪಸ್ಸು ಅನ್ನುವುದು ಅವಳಿಗೆ ಕಾಣದೆ ಇರಲಿಲ್ಲ. ಒಂದು ಕೂದಲು ಅಡ್ಡ ಬಿದ್ದರೆ ರೈಲು ಹಳಿ ತಪ್ಪುತ್ತಿತ್ತು. ಚಕ್ರಗಳಲ್ಲಿ ಅಯಸ್ಕಾಂತ ಇದ್ದುದರಿಂದ ಬೀದಿಯಲ್ಲಿ ಉಳಿ ಮಸೆದ ಕಬ್ಬಿಣದ ಪುಡಿಯೆಲ್ಲ ಹಾರಿ ಬಂದು ಅವಕ್ಕೆ ಅಂಟುತ್ತಿತ್ತು. ಜಯಕುಮಾರ್ ಪಾಳಿ ಮುಗಿಸಿ ಬಂದು, ಭೂತಗನ್ನಡಿ ಹಿಡಿದು, ಒಂದೊಂದೇ ಚಕ್ರ ಒರೆಸುತ್ತಿದ್ದ. ಅವನ ಆ ತಾಳ್ಮೆ ತನ್ನದೇ ತಾಳ್ಮೆಯ ಹಾಗಿರುವುದನ್ನು ಕಂಡು ಅವಳ ಹೊಟ್ಟೆಯ ಉರಿ ಇನ್ನೂ ಹೆಚ್ಚಿತು.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ನೌಕರರ ಮನೆಯವರನ್ನೆಲ್ಲ ಕರೆಯುತ್ತಿದ್ದರು. ಆ ಸಲ ಜಯಕುಮಾರನ ರೈಲೂ ಅಲ್ಲಿ ಮೇಜು ಏರುವುದೆಂದಾಯಿತು. ಹಿಂದಿನ ದಿನ ಮಧ್ಯಾಹ್ನ ಅವನು ಸೂಟ್‌ಕೇಸನ್ನು ಅಂಗಡಿಗೆ ತಂದು, ಒಂದು ಸುತ್ತು ಓಡಿಸಿ ನೋಡಿ, ಎರಡು ಮೂರು ಜನ ಬಿದ್ದುಹೋಗಿದ್ದಾರೆ, ಒಸಿ ಅಂಟಿಸಿಡಿ ಎಂದು ಹೇಳಿ ಬ್ಯಾಟರಿ ತರಲು ಪೇಟೆಗೆ ಹೋದ.

ಅವಳು ಬಿದ್ದವರನ್ನು ಎತ್ತಿ ನಿಲ್ಲಿಸಿದಳು. ಕೈಯಲ್ಲಿ ಸೂಜಿ ಇತ್ತು, ಪಕ್ಕದಲ್ಲಿ ಬಣ್ಣ ಬೆರೆಸದ ಅರಗು ಇತ್ತು. ಸ್ಟೇಷನ್ನಿನ ಎದುರಿಗೆ, ಎರಡು ಅಂಗುಲದಷ್ಟು ಉದ್ದಕ್ಕೆ, ಹಳಿಗಳ ಮೇಲೆ ಅದನ್ನು ತೆಳ್ಳಗೆ ಎಳೆದಳು. ಅರಗಿನ ಮೂಲಕ ಕರೆಂಟು ಹಾಯುವುದಿಲ್ಲ. ಅದು ಒಣಗಿದ ಮೇಲೆ ಅವಳ ಕಣ್ಣಿಗೇ ಕಾಣಲಿಲ್ಲ.

ಮರುದಿನ ಅವನು ಅವಳನ್ನೂ ಅಸ್ರಾಳನ್ನೂ ಬಿಡದಿಗೆ ಕರೆದುಕೊಂಡು ಹೋದ. ಶಾಮಿಯಾನದ ಕೆಳಗೆ ಮೇಜಿನ ಸುತ್ತ ಜನ ಮುತ್ತಿದರು. ರೈಲು ಸುರಂಗ ದಾಟಿತು, ತೋಟ ದಾಟಿತು, ಸ್ಟೇಷನ್ನಿನ ಮುಂದೆ ನಿಂತೇಬಿಟ್ಟಿತು. ಜಯಕುಮಾರ್ ಮೆಲ್ಲಗೆ ಬೆರಳಿಂದ ತಳ್ಳಿದ. ಓಡಿತು, ಸುತ್ತಿ ಬಂದು ಮತ್ತೆ ಅಲ್ಲೇ ನಿಂತಿತು. ಚಕ್ರ ಒರೆಸಿದ, ವೈರು ಬಿಚ್ಚಿ ಕಟ್ಟಿದ. ಎಷ್ಟು ಮಾಡಿದರೂ ಅಲ್ಲೇ ನಿಲ್ಲುವುದು. ಅವನ ಮೂಗಿನ ತುದಿಯಲ್ಲಿ ಬೆವರು ಕೂತಿತ್ತು.

ರೈಲು ನಿಂತದ್ದೇ ಜನರ ಕಣ್ಣು ಸ್ಟೇಷನ್ನಿನ ಮೇಲೆ ಬಿತ್ತು. ಯಾರೋ ಒಬ್ಬ ಹೆಂಗಸು ಬಗ್ಗಿ, ಬುಟ್ಟಿಯಲ್ಲಿ ಹೂವೂ ಇದೆ ನೋಡಿ ಅಂದಳು. ಆಮೇಲೆ ಎಲ್ಲರೂ ಬಗ್ಗಿದರು. ಮಗು, ಬುರ್ಖಾ, ಟವೆಲ್ಲು ಎಲ್ಲವನ್ನೂ ಒಬ್ಬರಿಗೊಬ್ಬರು ತೋರಿಸಿಕೊಂಡರು. ಯಾರು ಮಾಡಿದ್ದು ಎಂದು ಕೇಳಿದರು. ಜಯಕುಮಾರ್ ತಂತಿ ಬಿಚ್ಚುತ್ತಲೇ ತಲೆ ಎತ್ತಿ, "ನಮ್ಮ ನೂರಕ್ಕ. ಈ ಥರ ಮಾಡೋರು ಇನ್ನೊಬ್ರು ಇಲ್ಲ" ಅಂದ.

ಅವಳು ಬಯಸಿದ್ದೆಲ್ಲ ಆ ಮೇಜಿನ ಸುತ್ತ ಇತ್ತು. ಅವಳಿಗೆ ಕಂಡದ್ದು ಅವನ ನಡುಗುವ ಬೆರಳು ಮಾತ್ರ. ಅಂಥ ಬೆರಳಿನಿಂದ ಅಷ್ಟು ಸಣ್ಣ ಕೆಲಸ ಆಗುವುದಿಲ್ಲ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಒಂದಿಷ್ಟು ಸ್ಪಿರಿಟ್ಟು, ಹತ್ತಿ ತರಲು ಅಸ್ರಾಳನ್ನು ಓಡಿಸಿದಳು. ಹತ್ತಿಯಿಂದ ಆ ಎರಡು ಅಂಗುಲ ಹಳಿಯನ್ನು ಒರೆಸಿದಳು. ರೈಲು ಹೊರಟಿತು. ಜನ ಚಪ್ಪಾಳೆ ತಟ್ಟಿದರು.

ಜಯಕುಮಾರ್ ಹತ್ತಿಯನ್ನು ಇಸಿದುಕೊಂಡು ಮೂಸಿ ನೋಡಿದ.

"ಅರಗು ಇಲ್ಲಿಗೆ ಹೆಂಗ್ ಬಂತು ನೂರಕ್ಕ?"

"ನಾನೇ ಹಚ್ಚಿದ್ದು," ಅಂದಳು. "ಹೊಟ್ಟೆಕಿಚ್ಚು ಕಣಪ್ಪ. ಬೇರೆ ಏನೂ ಇಲ್ಲ."

ಅವನು ಹತ್ತಿಯನ್ನು ತಿರುಗಿ ಅವಳ ಕೈಗೇ ಇಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿಗೆ ಹೋಗಿ ಕೂತ. ಆಮೇಲೆ ಮೂರು ತಿಂಗಳು ಅಂಗಡಿಯ ಮುಂದೆ ಹಾಯುವಾಗ ತಲೆ ಎತ್ತಲಿಲ್ಲ. ಸಂಗತಿ ತಿಳಿದ ಪೀರ್ ಸಾಬ್ ನಾಲ್ಕು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ಅಸ್ರಾ ಮಾತ್ರ, ಒಪ್ಪಿಕೊಂಡೆಯಲ್ಲ ಅಮ್ಮಾ ಎಂದು ಒಂದೇ ಮಾತು ಹೇಳಿದಳು.

ನಾಲ್ಕನೇ ತಿಂಗಳು ಅವನೇ ಬಂದ. ಕೂರಲಿಲ್ಲ. ಅಂಗೈ ಬಿಚ್ಚಿ ತೋರಿಸಿದ. ಎಂಜಿನ್ನಿನ ಒಂದು ಚಕ್ರ ಸೀಳಿತ್ತು. ಜಪಾನಿಗೆ ಬರೆದು ತರಿಸಲು ಎಷ್ಟು ಕಾಲ ಬೇಕೋ, ಕಾರ್ಖಾನೆಯ ಲೇತಿನಲ್ಲಿ ಅಷ್ಟು ಸಣ್ಣದು ನಿಲ್ಲುವುದೇ ಇಲ್ಲ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ ಕಣಕ್ಕ," ಅಂದ. "ಆದ್ರೆ ಇದ ನೀನೇ ಮಾಡ್ಬೇಕು."

ಚಕ್ರಕ್ಕೆ ಬೇಕಾದದ್ದು ಹಿತ್ತಾಳೆ, ಅದನ್ನು ಅವಳು ಎಂದೂ ಕಡೆದವಳಲ್ಲ. ಹನ್ನೊಂದು ಚಕ್ರ ಕೆಟ್ಟವು. ಹನ್ನೆರಡನೆಯದನ್ನು ತೆಗೆದುಕೊಂಡು ಮಹಡಿ ಹತ್ತಿದಳು. ಅವನು ಅದನ್ನು ಕೂರಿಸಿ, ಓಡಿಸುವ ಗುಂಡಿಯನ್ನು ಅವಳ ಕೈಗೆ ಕೊಟ್ಟ. ಅಷ್ಟು ದಿನ ಅದನ್ನು ಅವಳು ಮುಟ್ಟಿಯೂ ಇರಲಿಲ್ಲ. ತಿರುಗಿಸಿದಳು. ರೈಲು ಹೊರಟಿತು, ಅವಳ ಚಕ್ರದ ಮೇಲೆಯೇ.

ಹೊಟ್ಟೆಯ ಉರಿ ಪೂರ್ತಿ ಆರಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಅಂದು ಸಂಜೆ ಪೀರ್ ಸಾಬ್ ಕೆಳಗಿನಿಂದ ಎರಡು ಸಲ ಊಟಕ್ಕೆ ಕರೆದರೂ ಅವಳು ಗುಂಡಿ ಬಿಟ್ಟು ಏಳಲಿಲ್ಲ.