ಸಾಡೇಸಾತಿಯ ಭಜನೆ

ಹೀರಾ ಸುಳ್ಳು ಹೇಳಿರಲಿಲ್ಲ. ಅತ್ತೆ ತಪ್ಪು ತಿಳಿದುಕೊಂಡಾಗ ಬಾಯಿ ಬಿಡಲಿಲ್ಲ, ಅಷ್ಟೆ. ಬಾಯಿ ಬಿಡದಿರುವುದೂ ಸುಳ್ಳೇ ಆಗುವುದಾದರೆ ಬೇಲೇಕೇರಿಯ ಸೊಸೆಯಂದಿರೆಲ್ಲ ಎಂದೋ ನರಕಕ್ಕೆ ಹೋಗಿ ಅಲ್ಲೊಂದು ಭಜನಾ ಮಂಡಳಿ ಕಟ್ಟಿರುತ್ತಿದ್ದರು.

ಆದದ್ದು ಇಷ್ಟು. ಹಣಕೋಣದಲ್ಲಿದ್ದ ಅಕ್ಕನ ಮಗ ಸಂಕೇತ ಕೈಗಾದಲ್ಲಿ ಕೆಲಸಕ್ಕಿದ್ದ. ಕಂಪನಿ ಬಸ್ಸಿನಲ್ಲಿ ಹೋಗಿಬರುವ ಹೊತ್ತೊಂದು ಬಿಟ್ಟರೆ ಗಿಟಾರು ಅವನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಅವನು, ಡ್ರಮ್ಸ್ ಬಾರಿಸುವ ಪ್ರೀತಿ, ದಪ್ಪ ತಂತಿಯ ಗಿಟಾರಿನ ಕಿಶನ, ಮೂವರೂ ಸೇರಿ ಒಂದು ತಂಡ ಕಟ್ಟಿದ್ದರು. ಅವರ ಹಾಡಿನ ತಾಳ ಏಳೂವರೆ ಎಣಿಕೆಯದು. ಹಾಗಾಗಿ ತಂಡದ ಹೆಸರು 'ಸಾಡೇಸಾತಿ'. ಆ ವರ್ಷ ಕಾರವಾರದ ಕಡಲದಂಡೆಯಲ್ಲಿ ನಡೆಯಲಿದ್ದ ದೊಡ್ಡ ಸಂಗೀತೋತ್ಸವದಲ್ಲಿ, ಗೋವೆ ಪುಣೆ ಬೆಂಗಳೂರುಗಳ ತಂಡಗಳ ನಡುವೆ, ಅವರಿಗೂ ಒಂದು ಸಂಜೆ ಸಿಕ್ಕಿತ್ತು. ಅವರ ಹಾಡಿಗೊಂದು ಹಾರ್ಮೋನಿಯಂ ಬೇಕಿತ್ತು. ಸಂಕೇತನಿಗೆ ಗೊತ್ತಿದ್ದ ಹಾರ್ಮೋನಿಯಂ ಒಂದೇ: ಅವನ ಚಿಕ್ಕಮ್ಮ, ಹೀರಾ ಮಾವಶಿಯದು.

ಆ ಹಾರ್ಮೋನಿಯಂ ಮಾತ್ರ ಮಾವಶಿಯದಾಗಿರಲಿಲ್ಲ, ಬೇಲೇಕೇರಿಯ ಹೆಂಗಸರ ಭಜನಾ ಮಂಡಳಿಯದಾಗಿತ್ತು. ಮಂಡಳಿ ಎಂದರೆ ಹೀರಾಳ ಅತ್ತೆ ಕಾಶಿ. ಪೆಟ್ಟಿಗೆ ಭಜನೆಗಲ್ಲದೆ ಬೇರೆ ಯಾವುದಕ್ಕೂ ಗುಡಿಯ ಹೊಸಿಲು ದಾಟಬಾರದು ಎನ್ನುವುದು ಕಾಶಿಯ ಕಟ್ಟಳೆ.

"ಅತ್ತೆ, ಬರೂ ಶುಕ್ರವಾರ ಕಾರವಾರದಲ್ಲಿ ಒಂದು ಕಾರ್ಯಕ್ರಮ ಅದೆ. ಪೆಟ್ಟಿಗೆ ತಕಂಡು ಹೋಗ್ಬೇಕು" ಎಂದಳು ಹೀರಾ ಒಂದು ದಿನ, ಎದೆ ಗಟ್ಟಿ ಮಾಡಿಕೊಂಡು.

ಕಾಶಿ ಅಂಗಳದಲ್ಲಿ ಒಣಸೀಗಡಿ ಆರಿಸುತ್ತಿದ್ದಳು. "ಯಾರ ಕಾರ್ಯಕ್ರಮ?"

"ಸಾಡೇಸಾತಿಯವ್ರದ್ದು."

ಕಾಶಿಯ ಕೈ ನಿಂತಿತು. "ಯಾರಿಗೆ ಸಾಡೇಸಾತಿ?"

"ಅಂದ್ರೆ... ನಮ್ಮ ಸಂಕೇತನೂ ಅದ್ರಲ್ಲಿ ಇದ್ದಾನೆ."

"ಅಯ್ಯೋ ದೇವರೇ! ಆ ಪೋರಂಗೆ ಏಳೂವರೆ ವರ್ಷದ ಶನಿಯಾ? ಅದ್ಕೇ ಮತ್ತೆ ಅವ್ನ ಗಡ್ಡ, ಅವ್ನ ಅವತಾರ! ಶನಿದೇವ್ರ ಭಜನೆ ಇಟ್ಟಾರೆ ಅನ್ನು. ಒಳ್ಳೇದಾಯ್ತು, ಈಗಾದ್ರೂ ಬುದ್ಧಿ ಬಂತು. ಆದ್ರೆ ಶನಿವಾರ ಬಿಟ್ಟು ಶುಕ್ರವಾರ ಯಂತಾಕೆ?"

"ಶನಿವಾರ ಜಾಗ ಸಿಕ್ಕಿಲ್ಲಾಗಿತ್ತು" ಎಂದಳು ಹೀರಾ. ಅದು ಸತ್ಯವೇ ಆಗಿತ್ತು.

ಹಾಗೆ ಪೆಟ್ಟಿಗೆ ಹೊಸಿಲು ದಾಟಿತು. ಆದರೆ ಆ ರಾತ್ರಿಯೇ ಕಾಶಿ ಇನ್ನೊಂದು ತೀರ್ಮಾನ ಮಾಡಿದಳು: ಮನೆಯ ಹುಡುಗನಿಗೆ ಶನಿ ಹಿಡಿದಿರುವಾಗ ಸೊಸೆ ಒಬ್ಬಳನ್ನೇ ಕಳಿಸುವುದು ಸರಿಯಲ್ಲ, ಇಡೀ ಮಂಡಳಿಯೇ ಹೋಗಬೇಕು.

ಹೀರಾಳಿಗೆ ನಿದ್ದೆ ಬರಲಿಲ್ಲ. ಗುಟ್ಟು ಬಯಲಾದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕಾಶಿ ಕೂಗಾಡುವವಳಲ್ಲ. ಮರುದಿನ ಪೆಟ್ಟಿಗೆಯನ್ನು ಎತ್ತಿ ಪಕ್ಕದ ಮನೆಯ ಜಾನಕಿಯ ಮುಂದೆ ಇಡುತ್ತಾಳೆ, ಮುಗಿಯಿತು. ನಾಲ್ಕು ಭಜನೆ ಕಲಿತುಕೊಂಡ ಜಾನಕಿ ಆ ಜಾಗದ ಮೇಲೆ ಕಣ್ಣಿಟ್ಟು ಕೂತು ಎಷ್ಟು ಕಾಲವಾಯಿತೋ. ಮನೆ ಗಂಡನದು, ದೋಣಿ ಮೈದುನನದು, ಒಲೆ ಅತ್ತೆಯದು. ಆ ಪೆಟ್ಟಿಗೆಯ ಹಿಂದಿನ ಒಂದು ಮೊಳ ಚಾಪೆ ಮಾತ್ರ ಹೀರಾಳದು.

ಹಾಗಿದ್ದರೆ ಯಾಕೆ ಒಪ್ಪಿದಳು? ಅದಕ್ಕೆ ಕಾರಣ ಒಂದು ಮಾತು.

ಪೆಟ್ಟಿಗೆ ಸಿಕ್ಕ ಮೇಲೆ ಹಣಕೋಣದಲ್ಲಿ ಅಕ್ಕನ ಮನೆಯ ಹಿಂದಿನ ಭತ್ತದ ಕೋಣೆಯಲ್ಲಿ ಅಭ್ಯಾಸ ನಡೆಯುತ್ತಿತ್ತು. ಮೊದಲ ದಿನ ಅವಳು ತಾಳಕ್ಕೆ ಸಿಕ್ಕಿ ಮುಗ್ಗರಿಸಿದಳು. ಏಳು ಸರಿ, ಈ ಅರ್ಧವನ್ನು ಎಲ್ಲಿ ಇಡುವುದು? ಬಸ್ಸಿನಲ್ಲಿ ವಾಪಸಾಗುವಾಗ ತಟ್ಟನೆ ಹೊಳೆಯಿತು. ಸಣ್ಣವಳಿದ್ದಾಗ ನೀರಿನಂಚಿನಲ್ಲಿ ನಡೆಯುತ್ತಿದ್ದಾಗಿನ ಹೆಜ್ಜೆ ಅದು. ಏಳು ಹೆಜ್ಜೆ ಒದ್ದೆ ಮರಳಲ್ಲಿ ಇಡುವುದು, ಅಷ್ಟರಲ್ಲಿ ತೆರೆ ಬರುವುದು, ಎಂಟನೆಯದನ್ನು ಪೂರ್ತಿ ಊರದೆ ಲಂಗ ಎತ್ತಿ ಜಿಗಿಯುವುದು. ಆ ಜಿಗಿತವೇ ಅರ್ಧ! ಅವಳು ಬಸ್ಸಿನಲ್ಲೇ ನಕ್ಕುಬಿಟ್ಟಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬುಟ್ಟಿ ತನ್ನ ಕಡೆ ಎಳೆದುಕೊಂಡಳು.

ಹಾಡು ಕಾಳಿ ನದಿಯದು. ಇಪ್ಪತ್ತು ನಿಮಿಷದ ಹಾಡು, ಮಾತಿಲ್ಲ. ಕಾಡಿನಲ್ಲಿ ಗಿಟಾರಾಗಿ ಹುಟ್ಟುತ್ತದೆ, ಪ್ರೀತಿಯ ಡ್ರಮ್ಮುಗಳಲ್ಲಿ ಬಂಡೆಗಳಿಗೆ ಬಡಿದುಕೊಳ್ಳುತ್ತದೆ, ಹುಚ್ಚೆದ್ದು ಕದ್ರಾದವರೆಗೆ ಬರುತ್ತದೆ. ಅಲ್ಲಿ ನಿಲ್ಲುತ್ತದೆ.

"ಅಣೆಕಟ್ಟು, ಮಾವಶಿ" ಎಂದಿದ್ದ ಸಂಕೇತ, ಪೆಟ್ಟಿಗೆ ಕೇಳಲು ಬಂದ ದಿನವೇ. "ಇಡೀ ನದಿ ನಿಂತ್ಬಿಡ್ತದೆ. ಎಲ್ಲಾ ಚುಪ್. ಜನಕ್ಕೆ ಹೆದ್ರಿಕೆ ಆಗ್ಬೇಕು, ಅಷ್ಟು ಹೊತ್ತು ಚುಪ್. ಆಮೇಲೆ ಒಂದೇ ಒಂದು ಗೇಟು ತೆಗೀತಾರೆ. ಅದು ನೀನು. ಅಲ್ಲಿಂದ ದೇವಬಾಗದ ಅಳಿವೆವರೆಗೆ ನದಿ ನಿಂದೇ. ನಾವು ಸಮುದ್ರ ಸಿಕ್ಕಿದ ಮೇಲೇ ಬರೂದು."

ಅದು ನೀನು. ಭಜನೆಯಲ್ಲಿ ಪೆಟ್ಟಿಗೆ ಯಾವತ್ತೂ ಹಿಂದೆ ನಡೆಯುವುದು. ಹಾಡುವವರು ತಿರುಗಿದಲ್ಲಿ ತಿರುಗಬೇಕು, ಎಳೆದರೆ ಎಳೆಯಬೇಕು, ಅವರು ಶ್ರುತಿ ತಪ್ಪಿದರೆ ಅದನ್ನೂ ಸೆರಗಿನಲ್ಲಿ ಮುಚ್ಚಬೇಕು. ಅದರಲ್ಲಿ ಹೀರಾ ಪಳಗಿದ್ದಳು. ಮುಂದೆ ಯಾರೂ ಇಲ್ಲದ ದಾರಿಯಲ್ಲಿ ತನ್ನ ಬೆರಳು ಎತ್ತ ಹೋದೀತು ಎಂದು ಅವಳು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಲೇಬೇಕು ಎನಿಸಿತ್ತು.

ಶುಕ್ರವಾರ ಹೀರಾಳ ಗಂಡ ದೇವಿದಾಸ ಮೀನಿನ ಟೆಂಪೋವನ್ನು ಫಿನೈಲು ಹಾಕಿ ತೊಳೆದು ತಂದ. ಮಂಡಳಿಯ ಹೆಂಗಸರು ಅಬ್ಬಲಿಗೆ ಮುಡಿದು, ಶನಿದೇವರಿಗೆಂದು ಎಳ್ಳೆಣ್ಣೆಯ ಬಾಟಲಿ ಹಿಡಿದು ಹತ್ತಿದರು. ಟೆಂಪೋದಲ್ಲಿ ಫಿನೈಲು, ಅಬ್ಬಲಿಗೆಗೆ ಚಿಮುಕಿಸಿದ ನೀರು, ಬಂಗಡೆ, ಮೂರೂ ಸೇರಿದ ಒಂದು ವಾಸನೆ. ಬಿಣಗಾ ಘಟ್ಟ ಇಳಿಯುವಾಗ ಕನ್ನಡಿಯಲ್ಲಿ ದೇವಿದಾಸ ಹೆಂಡತಿಯನ್ನು ನೋಡಿ ಒಂದು ಹುಬ್ಬು ಏರಿಸಿದ. ಅವನಿಗೆ ಸಂಕೇತ ಎಲ್ಲ ಹೇಳಿದ್ದ.

"ನಿನ್ನ ಕತೆ ಇವತ್ತು ಮುಗೀತು" ಎಂದ, ಇಳಿಸುವಾಗ ಕಿವಿಯ ಹತ್ತಿರ.

"ಗೊತ್ತದೆ. ನೀವು ನಗಾಡ್ಬೇಡಿ."

"ನಗಾಡ್ದೆ ಇರೂದು ಹ್ಯಾಂಗೆ? ಅವ್ವ ಎಣ್ಣೆ ತಂದಾಳೆ."

ಕಡಲದಂಡೆ ಜನರಿಂದ ತುಂಬಿತ್ತು. ಸ್ವಯಂಸೇವಕನೊಬ್ಬನಿಗೆ ಕಾಶಿ "ನಾವು ಭಜನೆಯವ್ರು" ಎಂದದ್ದೇ, ಅವನು ಇವರೂ ಕಲಾವಿದರೇ ಎಂದುಕೊಂಡು ಎಲ್ಲರನ್ನೂ ಎದುರಿನ ಸೋಫಾಗಳ ಮೇಲೆ ಕೂರಿಸಿಬಿಟ್ಟ.

ವೇದಿಕೆಯ ಮೇಲೆ ಜಡೆ ಬಿಟ್ಟ ಹುಡುಗನೊಬ್ಬ ಪೆಟ್ಟಿಗೆಗೆ ಮೈಕು ಕಟ್ಟಿ, "ಆಂಟಿ, ಒಂದ್ಸಲ ನುಡಿಸಿ" ಎಂದ. ಹೀರಾ ಪೆಟ್ಟಿಗೆಯ ಒಂದು ಸ್ವರದ ಮನೆ ಒತ್ತಿದಳು. ಗುಡಿಯ ಮೂಲೆಯಲ್ಲಿ ಗೊಣಗುತ್ತಿದ್ದ ಆ ಸ್ವರ ಇಲ್ಲಿ ಆನೆಯಾಗಿ ಎದ್ದು, ದಂಡೆ ದಾಟಿ, ನೀರಿನ ಮೇಲೆ ಹೋಯಿತು. ನಿಂತ ದೋಣಿಗಳೂ ತಿರುಗಿ ನೋಡಿದಂತೆ ಅವಳಿಗೆ ಅನಿಸಿತು. ನಗು ಬಂತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು.

"ಈಗ ನಮ್ಮ ಜಿಲ್ಲೆಯದೇ ಹೆಮ್ಮೆಯ ತಂಡ, ಸಾಡೇಸಾತಿ!" ಎಂದ ನಿರೂಪಕ. ಕೈಯಲ್ಲಿದ್ದ ಚೀಟಿ ನೋಡಿ, 'ಪ್ರೋಗ್ರೆಸಿವ್ ರಾಕ್' ಎಂಬುದನ್ನು ಕನ್ನಡದಲ್ಲೇ ಹೇಳುವ ಉಮೇದಿನಿಂದ ಸೇರಿಸಿದ: "ಪ್ರಗತಿಪರ ಬಂಡೆ ಸಂಗೀತ!"

ಎದುರು ಸಾಲಿನಲ್ಲಿ ಕಾಶಿ ಗಂಭೀರವಾಗಿ ತಲೆಯಾಡಿಸಿದಳು. ಮೂವರೂ ಕಪ್ಪು ಅಂಗಿ ತೊಟ್ಟಿದ್ದು ಅವಳಿಗೆ ಸರಿಯಾಗಿಯೇ ಕಂಡಿತು, ಶನಿದೇವರ ಬಣ್ಣ. ಹೊಗೆಯ ಯಂತ್ರ ಬುಸ್ಸೆಂದು ಹೊಗೆ ಬಿಟ್ಟಾಗ ಮಂಡಳಿಯವರೆಲ್ಲ ಕೈ ಮುಗಿದರು.

ಆಮೇಲೆ ಕಾಳಿ ಹೊರಟಿತು. ಪ್ರೀತಿಯ ಮೊದಲ ಏಟಿಗೆ ಜಾನಕಿ ಸೋಫಾದಿಂದ ಒಂದು ಗೇಣು ಮೇಲೆದ್ದು ಕೂತಳು. ಸಂಕೇತ ತಲೆ ಕೊಡವುತ್ತಿದ್ದ, ಕಿಶನ ಕಣ್ಣು ಮುಚ್ಚಿದ್ದ, ಹಿಂದೆ ಸಾವಿರಾರು ಹುಡುಗ ಹುಡುಗಿಯರು ಕೈ ಎತ್ತಿ ಕುಣಿಯುತ್ತಿದ್ದರು. ಏಳು ಹೆಜ್ಜೆ, ಒಂದು ಜಿಗಿತ. ಏಳು ಹೆಜ್ಜೆ, ಒಂದು ಜಿಗಿತ. ಹೀರಾಳ ಎಡಗೈ ತಿದಿಯ ಮೇಲೆ ಸಿದ್ಧವಾಗಿತ್ತು, ಸೀರೆಯೊಳಗೆ ಕಾಲಿನ ಹೆಬ್ಬೆರಳು ಜಿಗಿಯುತ್ತಿತ್ತು. ಸೂರ್ಯ ನೀರಿಗೆ ತಾಗಲು ಇನ್ನು ಸ್ವಲ್ಪ ಇತ್ತು. ಎಲ್ಲ ಒಟ್ಟಿಗೆ ಏರಿ, ಏರಿ, ಇನ್ನು ಒಡೆಯಿತು ಎನ್ನುವಾಗ ಸಂಕೇತ ಕೈ ಎತ್ತಿದ.

ಅಣೆಕಟ್ಟು.

ಎಲ್ಲ ನಿಂತಿತು. ಜನ ಉಸಿರು ಹಿಡಿದರು. ತೆರೆಯ ಸದ್ದು ಮಾತ್ರ. ಹೀರಾ ಬೆರಳನ್ನು ಮನೆಯ ಮೇಲೆ ತಂದಳು. ಮನಸ್ಸಿನಲ್ಲೇ ಹೆಜ್ಜೆ ಎಣಿಸತೊಡಗಿದಳು.

ಆಗ ಎದುರು ಸಾಲಿನಲ್ಲಿ ಕಾಶಿ ಎದ್ದು ನಿಂತಳು. ಭಜನೆ ಮುಗಿಯಿತು, ಯಾರೂ ಮುಕ್ತಾಯ ಹೇಳುತ್ತಿಲ್ಲ, ಕಾರವಾರದವರಿಗೆ ಇಷ್ಟೂ ತಿಳಿಯದೇ? ಅವಳು ಎರಡೂ ಕೈ ಎತ್ತಿದಳು. ಸಮುದ್ರದ ಗಾಳಿಯಲ್ಲಿ ದೋಣಿಯವರನ್ನು ಕರೆದು ಕರೆದು ಹದವಾದ ಗಂಟಲು ಅದು, ಅದಕ್ಕೆ ಮೈಕು ಬೇಕಿರಲಿಲ್ಲ.

"ಬೋಲಾ ಪುಂಡಲೀಕ ವರದಾ..."

ಆ ಕರೆ ಕೇಳಿ ಸುಮ್ಮನಿರುವುದು ಆ ಕರಾವಳಿಯಲ್ಲಿ ಹುಟ್ಟಿದವರಿಂದ ಆಗದ ಕೆಲಸ. ಕಪ್ಪು ಅಂಗಿಯ ಹುಡುಗರು, ಕಡಲೆ ಮಾರುವವರು, ಬಂದೋಬಸ್ತಿನ ಪೊಲೀಸರು, ಇಡೀ ದಂಡೆ ಒಂದೇ ಬಾಯಾಗಿ ಗುಡುಗಿತು:

"ಹರಿ ವಿಠ್ಠಲ!"

ಹೀರಾಳ ಕೈ ಹಾಗೇ ಕಲ್ಲಾಯಿತು. ಇನ್ನೊಂದು ಕಟ್ಟಳೆ ಇತ್ತು, ಎಲ್ಲಕ್ಕಿಂತ ದೊಡ್ಡದು. ಮುಕ್ತಾಯ ಹೇಳಿದ ಮೇಲೆ ಪೆಟ್ಟಿಗೆ ಮುಟ್ಟಬಾರದು. ಮುಚ್ಚಳ ಹಾಕಿ, ನಮಸ್ಕಾರ ಮಾಡಿ, ಏಳಬೇಕು. ಮದುವೆಯಾಗಿ ಬಂದ ವರ್ಷ ತಿಳಿಯದೆ ಒಂದು ಮನೆ ಒತ್ತಿದ್ದಕ್ಕೆ ಮಾವ ಬೀರಾ ಮೂರು ದಿನ ಅವಳ ಕೈಯ ಊಟ ಮುಟ್ಟಿರಲಿಲ್ಲ. ಕೆಳಗೆ ಕಾಶಿ ಈಗಾಗಲೇ ಸೊಸೆಗೆ ಕೈಸನ್ನೆ ಮಾಡುತ್ತಿದ್ದಳು: ಮುಚ್ಚು, ಮುಚ್ಚು. ಪಕ್ಕದಲ್ಲಿ ಸಂಕೇತನ ಮುಖ ಬಿಳಿಚಿತ್ತು. "ಮಾವಶಿ..." ಎಂದ, ತುಟಿ ಅಲ್ಲಾಡಿಸದೆ.

ಮುಚ್ಚಿದರೆ ಚಾಪೆ ಉಳಿಯುತ್ತದೆ. ನದಿ ಕದ್ರಾದಲ್ಲೇ ನಿಲ್ಲುತ್ತದೆ.

ಸಾವಿರಾರು ಗಂಟಲುಗಳ 'ವಿಠ್ಠಲ' ಇನ್ನೂ ಗಾಳಿಯಲ್ಲಿತ್ತು. ಅದು ಯಾವ ಸ್ವರದಲ್ಲಿ ನಿಂತಿದೆಯೆಂದು ಹೀರಾಳ ಕಿವಿಗೆ ಅವಳನ್ನು ಕೇಳದೆಯೇ ತಿಳಿಯಿತು. ಅತ್ತೆ ಯಾವಾಗಲೂ ಹಿಡಿಯುವ ಸ್ವರ, ಪೆಟ್ಟಿಗೆಯ ಎರಡನೆಯ ಬಿಳಿ ಮನೆ, ಬಿಳಿ ಎರಡು. ಎಷ್ಟು ವರ್ಷ ಅದರ ಹಿಂದೆ ನಡೆದಿದ್ದಳು! ಆ ಸದ್ದು ಇನ್ನೇನು ಆರಬೇಕು, ಅಷ್ಟರಲ್ಲಿ ಅವಳು ಅದೇ ಮನೆಯನ್ನು ಮೆಲ್ಲಗೆ ಒತ್ತಿದಳು. ಜನರ ಕೂಗು ನಿಂತದ್ದೆಲ್ಲಿ, ಪೆಟ್ಟಿಗೆ ಹೊರಟದ್ದೆಲ್ಲಿ, ಯಾರಿಗೂ ಗೊತ್ತಾಗಲಿಲ್ಲ.

ಗೇಟು ತೆರೆಯಿತು.

ಆಮೇಲೆ ಅವಳು ಕೆಳಗೆ ನೋಡಲಿಲ್ಲ. ಬೆರಳುಗಳು ಮೊದಲು ಹೆದರಿ ಹೆದರಿ ಇಳಿದವು, ಮತ್ತೆ ಓಡಿದವು, ಮತ್ತೆ ನಕ್ಕವು. ಹೌದು, ಬೆರಳುಗಳು ನಕ್ಕದ್ದು ಅವಳಿಗೇ ಕೇಳಿಸಿತು. ಅಭ್ಯಾಸದಲ್ಲಿ ಇಲ್ಲದ ತಿರುವುಗಳು ಬಂದವು. ಭಜನೆಯ ತುಣುಕೊಂದು ತೇಲಿ ಬಂತು, ಏಳೂವರೆಯ ಸುಳಿಯಲ್ಲಿ ಸಿಕ್ಕಿ ಗಿರಗಿರ ತಿರುಗಿ, ಹೊಸ ಸೀರೆ ಉಟ್ಟವಳ ಹಾಗೆ ಹೊರಬಂತು. ಜನ ಶಿಳ್ಳೆ ಹೊಡೆದರು. ತಾನು ನದಿಯೋ, ಹೆಂಗಸೋ, ಲಂಗ ಎತ್ತಿಕೊಂಡ ಹುಡುಗಿಯೋ ಎಂದು ಅವಳಿಗೆ ತಿಳಿಯದಾಯಿತು. ತಿಳಿದು ಆಗಬೇಕಾದದ್ದೂ ಏನಿರಲಿಲ್ಲ.

ಒಮ್ಮೆ, ಕಡೆಗೆ, ಕಣ್ಣು ತಾನಾಗಿ ಕೆಳಗೆ ಹೋಯಿತು.

ಕಾಶಿ ಇನ್ನೂ ನಿಂತೇ ಇದ್ದಳು. ಜಾನಕಿ ಅವಳ ಸೆರಗು ಎಳೆದು ಏನೋ ಹೇಳುತ್ತಿದ್ದಳು, ಪೆಟ್ಟಿಗೆಯತ್ತ ಬೆರಳು ತೋರಿಸಿ. ಕಾಶಿ ಆ ಬೆರಳಿಗೆ ಪಟ್ಟನೆ ಒಂದು ಹೊಡೆದಳು. ಆಮೇಲೆ ಚೀಲಕ್ಕೆ ಕೈಹಾಕಿ ಕಂಚಿನ ತಾಳ ಹೊರತೆಗೆದಳು. ಏಳು ಹೊಡೆದಳು, ಎಂಟನೆಯದನ್ನೂ ಹೊಡೆದಳು, ತಪ್ಪಿತು. ಮತ್ತೆ ಹೊಡೆದಳು, ಮತ್ತೆ ತಪ್ಪಿತು. ಮುಖ ಕೆಂಪಾಯಿತು. ಹೀರಾ ಅವಳನ್ನೇ ನೋಡುತ್ತ, ಅರ್ಧ ಬಂದಾಗ ಭುಜವನ್ನು ಸ್ವಲ್ಪ ಕುಣಿಸಿ ತೋರಿಸಿದಳು. ತೆರೆ ಬಂತು, ಜಿಗಿ. ಕಾಶಿ ಕಣ್ಣು ಕಿರಿದು ಮಾಡಿದಳು. ಅವಳೂ ಅದೇ ನೀರಿನಂಚಿನಲ್ಲಿ ಹುಡುಗಿಯಾಗಿದ್ದವಳೇ. ಮುಂದಿನ ಸುತ್ತಿಗೆ ಆ ಮುದುಕಿ ತಾಳ ಎತ್ತಿ ಹಿಡಿದು, ಹಿಮ್ಮಡಿಯಿಂದ ಒಂದು ಚಿಕ್ಕ ಜಿಗಿತ ಜಿಗಿದಳು. ಸರಿಯಾಗಿ ಬಿತ್ತು. ಅವಳ ಬಾಯಿ ತೆರೆದು, ಇಲ್ಲದ ಹಲ್ಲುಗಳೆಲ್ಲ ಕಂಡವು.

ಸಮುದ್ರ ಸಿಕ್ಕಿತು. ಮೂವರೂ ಒಮ್ಮೆಗೇ ಬಂದು ಬಿದ್ದರು. ಮತ್ತೆ ಒಂದು ಭಾರೀ ಏಟು. ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗರು, ಪೊಲೀಸರು, ಚೀಟಿ ಹಿಡಿದ ನಿರೂಪಕ, ಎಲ್ಲರೂ ಸೋಫಾದ ಎದುರು ನಿಂತ ಮುದುಕಿಯ ಕಡೆಗೆ ತಿರುಗಿದ್ದರು.

ಕಾಶಿ ಕೈ ಎತ್ತಲು ಹೋದವಳು ತಡೆದಳು. ಒಮ್ಮೆ ಮೋಸಹೋಗಿದ್ದಳು. ಕತ್ತೆತ್ತಿ ಸೊಸೆಯನ್ನೇ ಕೇಳಿದಳು, ದಂಡೆಗೆಲ್ಲ ಕೇಳುವ ಹಾಗೆ:

"ಹೀರಾ, ಈಗ ಖರೇ ಮುಗೀತೇನೆ? ಹೇಳಲಾ?"

ಜನ ಘೊಳ್ಳೆಂದು ನಕ್ಕರು. ಹೀರಾ ನಗಲಿಲ್ಲ. ತಿದಿಯಲ್ಲಿ ಇನ್ನೂ ಸ್ವಲ್ಪ ಗಾಳಿ ಉಳಿದಿತ್ತು, ಅವಳ ಎಡಗೈಗೆ ಗೊತ್ತಾಗುತ್ತಿತ್ತು. ಅವಳು ತಡೆಯಿರಿ ಎಂಬಂತೆ ತಲೆ ಅಲ್ಲಾಡಿಸಿ, ಬಿಳಿ ಎರಡನ್ನು ಇನ್ನೊಮ್ಮೆ ಒತ್ತಿ ಹಿಡಿದಳು. ಅತ್ತೆ ಕಾದಳು. ಮಂಡಳಿ ಕಾಯಿತು. ಅಷ್ಟು ದೊಡ್ಡ ದಂಡೆ ಒಂದು ಹೆಂಗಸಿನ ಬೆರಳಿಗಾಗಿ ಕಾಯಿತು. ಸೂರ್ಯ ನೀರಿಗೆ ತಾಗಿದ. ಸ್ವರ ಸಣ್ಣಗಾಗಿ, ಎಳೆಯಾಗಿ, ಕೊನೆಯ ಗಾಳಿಯೂ ಹೋದ ಮೇಲೆ ಅವಳು ಮುಚ್ಚಳ ಹಾಕಿ, ಅತ್ತೆಯತ್ತ ನೋಡಿ, ಹೂಂ ಎಂದಳು.