ದೋಣಿಮರದ ಬ್ಲಾಕು

ನಟ್ಟು ಮತ್ತೆ ಸಡಿಲಾಗಿತ್ತು. ತೋಡೂರಿನ ಮನೆಯಂಗಳದಲ್ಲಿ ನಿಂತ ಪಿಕಪ್ಪಿನ ಹಿಂದಿನ ಚಕ್ರದ ಪಕ್ಕ ಮೊಣಕಾಲೂರಿ ಕೂತು ರಕ್ಷಿತಾ ಬೆರಳಲ್ಲೇ ತಿರುಗಿಸಿ ನೋಡಿದಳು, ಪಾನಾ ಬೇಕಾಗಲಿಲ್ಲ. ಗಾಡಿಯ ಮೇಲೆ ಆಗಲೇ ಅರವತ್ತು ಕ್ರೇಟು ಇಶಾಡ ಮಾವು ಏರಿತ್ತು. ಇನ್ನರ್ಧ ಗಂಟೆಯಲ್ಲಿ ಅವಳ ಗಂಡ ಕಿಶನ ಇದನ್ನು ಅಂಕೋಲಾ ದಾಟಿಸಿ, ಅರಬೈಲ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಒಯ್ಯುವವನಿದ್ದ.

ಹೇರು ಬಿದ್ದಾಗ ಗಾಡಿಯ ಹಿಂಭಾಗ ಕುಸಿಯುತ್ತದೆಂದು ಅದನ್ನು ಎತ್ತರಿಸಿದವನು ಕಿಶನನ ತಮ್ಮ ಸೂರಜ್. ಶಿರವಾಡದಲ್ಲಿ ಅವನದೇ ಗ್ಯಾರೇಜು. ಆಕ್ಸಲ್ಲಿನ ಮೇಲೆ, ಸ್ಪ್ರಿಂಗ್ ಪಾಟಾದ ಕೆಳಗೆ ಕಬ್ಬಿಣದ ಬ್ಲಾಕು ಕೂರಿಸಿ ಉದ್ದನೆಯ ಯು-ಬೋಲ್ಟಿಗೆ ನಟ್ಟು ಹಾಕಿ ಬಿಗಿಯಬೇಕು. ಹುಬ್ಬಳ್ಳಿಯಿಂದ ಬ್ಲಾಕು ಬರಲು ಎಂಟು ದಿನ ಅಂದರು. ಹಣ್ಣು ಎಂಟು ದಿನ ಕಾಯುವುದಿಲ್ಲ. ಒಡೆಯಲೆಂದು ದಡಕ್ಕೆಳೆದಿದ್ದ ಹಳೆಯ ಮೀನುದೋಣಿಯ ಅಡಿಮರದಿಂದ ಸೂರಜ್ ಎರಡು ತುಂಡು ಕೊಯ್ದು ತಂದು ಕೂರಿಸಿಬಿಟ್ಟ. ಮೂವತ್ತು ವರ್ಷ ಉಪ್ಪುನೀರಲ್ಲಿದ್ದೂ ಕೊಳೆಯದ ಮರ! ಮನೆಯವರೆಲ್ಲ ತಟ್ಟಿ ನೋಡಿ ಮೆಚ್ಚಿದರು. ನೀರು ಕುಡಿದ ಮರ ಮೇ ತಿಂಗಳ ಬಿಸಿಲಿಗೆ ಎಷ್ಟು ಕುಗ್ಗೀತು ಎಂದು ರಕ್ಷಿತಾ ಒಬ್ಬಳೇ ಕೇಳಿದ್ದಳು. ಅಂದಿನಿಂದ ಸೂರಜ್ ಅವಳ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

"ಓಹೋ, ಇನ್‌ಸ್ಪೆಕ್ಷನ್ ಶುರುವಾತಾ?" ಬೈಕು ನಿಲ್ಲಿಸುತ್ತಲೇ ಅವನು ಕೂಗಿದ. "ದಾದಾ, ನಿನ್ ಹೆಂಡ್ತಿಗೊಂದು ಖಾಕಿ ಅಂಗಿ ಹೊಲಿಸು ಮಾರಾಯ."

"ನಟ್ಟು ಸಡ್ಲ ಅದೆ," ಎಂದಳು ರಕ್ಷಿತಾ.

"ಬಿಗಿದ್ರಾತು."

"ಮೊನ್ನೆ ಬಿಗಿದೆ. ನಿನ್ನೆ ಎರಡು ಸಲ ಬಿಗಿದೆ. ದಿನಾ ನಟ್ಟು ಮತ್ತೂ ಒಳಗೆ ಹೋಗ್ತದೆ, ಮರ ಕುಗ್ತಾ ಅದೆ."

"ಬಿಎಸ್ಸಿ ಓದಿದ್ದು ಪಾನಾ ಹಿಡಿಯೂಕಾ ವೈನಿ? ನಾನು ಹತ್ತನೇತ್ತ ಫೇಲು. ಆದ್ರೂ ಊರಿನ ಅರ್ಧ ಗಾಡಿ ನನ್ ಕೈಲೇ ಓಡ್ತದೆ."

ಹಗ್ಗ ಬಿಗಿಯುತ್ತಿದ್ದ ಕಿಶನ ತಿರುಗದೆಯೇ ಗದರಿದ. "ಸಾಕು ಮಾಡೇ. ಹೊರಡೂ ಹೊತ್ತಿಗೆ ಕೆಟ್ಟ ಬಾಯಿ ಹಾಕ್ಬೇಡ. ಒಳಗೆ ಹೋಗು."

ಅವಳು ಹೋಗಲಿಲ್ಲ. "ಘಟ್ಟದ ಏರಲ್ಲಿ ಬ್ಲಾಕು ಜಾರಿದ್ರೆ ಆಕ್ಸಲ್ಲೇ ಸರೀತದೆ. ಆಮೇಲೆ ಸ್ಟೇರಿಂಗು ಹಿಡಿದು ಏನೂ ಉಪಯೋಗ ಇಲ್ಲ. ಗಾಡೀಲಿ ಕೂಡೂದು ನೀವು."

ಸೂರಜ್ ಪಾನಾ ಕಿತ್ತುಕೊಂಡು ಗಾಡಿಯಡಿಗೆ ನುಸುಳಿದ. ಒಂದು ಸುತ್ತು, ಎರಡು, ಮೂರು. ನಟ್ಟು ಹೋಗುತ್ತಲೇ ಇತ್ತು. ಕೊನೆಗೆ ಮರ ಚಟ್ಟೆಂದಿತು. ಅವನು ಒಂದು ಕ್ಷಣ ಅಲ್ಲಾಡದೆ ಮಲಗಿದ್ದು, ಹೊರಗೆ ಬಂದು ಅಂಗಿಯ ಮಣ್ಣು ಕೊಡವಿದ.

"ಆತು. ಇನ್ನು ಹತ್ತು ಸಲ ಹುಬ್ಬಳ್ಳಿಗೆ ಹೋಗಿ ಬರ್ಲಿ, ಎಂತದೂ ಆಗೂದಿಲ್ಲ."

ಬಾನೆಟ್ಟಿನ ಮೇಲಿದ್ದ ಚಾವಿ ತೆಗೆದು ರಕ್ಷಿತಾ ಅವನ ಮುಂದೆ ಹಿಡಿದಳು. "ಹಂಗಾದ್ರೆ ಇವತ್ತು ನೀನೇ ಹೊಡ್ಕೊಂಡು ಹೋಗು."

"ನಂಗೆ ಗ್ಯಾರೇಜಲ್ಲಿ ಕೆಲ್ಸ ಅದೆ."

"ಇವತ್ತು ರವಿವಾರ, ನಿನ್ ಗ್ಯಾರೇಜು ಬಂದ್ ಅಲ್ವಾ?"

"ಹೆಂಗಸ್ರು ಹೇಳ್ದಂಗೆ ಗಾಡಿ ಹೊಡಿಯೂಕೆ ನಾ ನಿಮ್ಮನೆ ಡ್ರೈವರಲ್ಲ!"

ಹಗ್ಗದ ಮೇಲೆ ಕಿಶನನ ಕೈ ನಿಂತಿತು. "ಅಂಕೋಲಾ ತನಕ ಹೊಡಿ," ಎಂದ ತಮ್ಮನಿಗೆ. "ಅಲ್ಲಿಂದ ಮುಂದೆ ನಾ ಹೊಡಿತೆ."

ಸೂರಜ್ ಚಾವಿಯನ್ನು ನೋಡಿದ, ಚಕ್ರವನ್ನು ನೋಡಿದ, ಅಣ್ಣನ ಮುಖ ನೋಡಲಿಲ್ಲ. "ನಿನ್ ಗಾಡಿ. ನೀನೇ ಹೊಡಿ," ಎಂದು ಬೈಕಿಗೆ ಕಿಕ್ ಹೊಡೆದ. ಗೇಟು ದಾಟುವಾಗ ಉಗುಳಿದ್ದು ಯಾರಿಗೆಂದು ಕೇಳಬೇಕಾಗಿರಲಿಲ್ಲ.

ಬೈಕಿನ ಸದ್ದು ಹೆದ್ದಾರಿಯಲ್ಲಿ ಅಡಗುವ ತನಕ ಕಿಶನ ನಿಂತೇ ಇದ್ದ. ಆಮೇಲೆ ಹಗ್ಗ ಬಿಚ್ಚಿದ. ಹಿಂಬದಿಯ ಹಲಗೆ ಧಡಾರನೆ ಕೆಳಗೆ ಬಿತ್ತು.

"ಸಮಾಧಾನ ಆತಾ?" ಎಂದ. "ಹಣ್ಣು ಇಲ್ಲೇ ಕೊಳೀಲಿ. ಅಂವ ಇನ್ನು ಈ ಅಂಗಳಕ್ಕೆ ಕಾಲಿಡೂದಿಲ್ಲ."

ಅವನು ಎಳೆದ ಮೊದಲ ಕ್ರೇಟಿನ ಇನ್ನೊಂದು ತುದಿಗೆ ರಕ್ಷಿತಾ ಕೈ ಹಾಕಿದಳು. ಕಿಶನ ಅದನ್ನು ಅವಳ ಬೆರಳು ತರಚುವಂತೆ ತನ್ನತ್ತ ಜಗ್ಗಿ, ಒಬ್ಬನೇ ಎದೆಗವಚಿಕೊಂಡು ಮನೆಯೊಳಗೆ ನಡೆದ.